ಕೋಲಾರದ ಟೊಮೇಟೊ, ಬೆಂಗಳೂರಿನ ಒಳಚರಂಡಿ, ಕೆರೆಯ ಗೋಡು: ರಂಜಕ ಹೋಗುವುದೆಲ್ಲಿ, ಮರಳುವುದೆಲ್ಲಿ?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ಹಳ್ಳಿ. ಮೂರು ಎಕರೆಯಲ್ಲಿ ಒಂದೂವರೆ ಎಕರೆ ಟೊಮೇಟೊ, ಉಳಿದದ್ದು ಮಳೆಯಾಶ್ರಿತ ರಾಗಿ, ನಾಲ್ಕು ಸೀಮೆಹಸುಗಳಿವೆ. ಪ್ರತಿ ಬೆಳೆಗೂ ರಂಜಕದ ಗೊಬ್ಬರವಾದ ಡಿಎಪಿ ಹಾಕುತ್ತೇವೆ. ಹಾಲು, ತರಕಾರಿ ಬಹುಪಾಲು ಬೆಂಗಳೂರಿಗೆ ಹೋಗುತ್ತವೆ. ಈಗ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮೂರ ಕೆರೆಯನ್ನು ತುಂಬಿದೆ. ಹಾಗಾದರೆ ನಾವು ಹಾಕಿದ ರಂಜಕ ಊಟದ ಮೂಲಕ ನಗರಕ್ಕೆ ಹೋಗಿ, ಚರಂಡಿ ನೀರಿನ ಮೂಲಕ ನಮಗೇ ಮರಳಿದ ಹಾಗಾಯಿತಲ್ಲವೇ? ಇನ್ನು ಡಿಎಪಿ ಕಡಿಮೆ ಮಾಡಬಹುದೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ರಂಜಕದ ಒಂದು ಪಾಲು ಕೆರೆಯವರೆಗೆ ಮರಳಿದೆ, ಹೊಲದವರೆಗೆ ಮರಳಿಲ್ಲ. ಎರಡನೆಯದಕ್ಕೆ: ಟೊಮೇಟೊ ಹೊಲದಲ್ಲಿ ಡಿಎಪಿಯನ್ನು ಬಹುಶಃ ಕಡಿಮೆ ಮಾಡಬಹುದು, ಆದರೆ ಕೆರೆಗೆ ನೀರು ಬಂದಿದೆ ಎಂಬ ಕಾರಣಕ್ಕಲ್ಲ. ಈ ಎರಡು ಮಾತುಗಳ ನಡುವೆ ದೊಡ್ಡದೊಂದು ದಾರಿಯಿದೆ. ಆ ದಾರಿಯನ್ನು ಚೀಲದಿಂದ ಹಿಡಿದು ಕೆರೆಯ ತಳದವರೆಗೆ ಒಮ್ಮೆ ನಡೆದು ನೋಡಿದರೆ ನಿಮ್ಮ ಜಮೀನಿನಲ್ಲಿ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ರಂಜಕದ ಸ್ವಭಾವವನ್ನು ಮೊದಲು ಗಮನಿಸಿ. ಸಾರಜನಕಕ್ಕೆ ಗಾಳಿಯ ದಾರಿಯಿದೆ: ನೀವು ಹಾಕಿದ ಯೂರಿಯಾದ ಒಂದಂಶ ಆವಿಯಾಗಿ ಗಾಳಿಗೆ ಸೇರುತ್ತದೆ, ಗಾಳಿಯಲ್ಲಿರುವ ಸಾರಜನಕ ಅವರೆ, ಹುರುಳಿ, ತೊಗರಿಯ ಬೇರುಗಂಟುಗಳ ಮೂಲಕ ಮತ್ತೆ ಮಣ್ಣಿಗಿಳಿಯುತ್ತದೆ. ರಂಜಕಕ್ಕೆ ಈ ಸೌಕರ್ಯವಿಲ್ಲ. ಧೂಳಿನೊಂದಿಗೆ ಹಾರುವ ಅಲ್ಪಸ್ವಲ್ಪವನ್ನು ಬಿಟ್ಟರೆ ಅದು ಗಾಳಿಗೆ ಏರುವುದಿಲ್ಲ, ಗಾಳಿಯಿಂದ ಇಳಿಯುವುದೂ ಇಲ್ಲ. ಕೊಚ್ಚಿಹೋಗುವ ಮಣ್ಣು, ಹರಿಯುವ ನೀರು, ಮನುಷ್ಯ ಹೊತ್ತೊಯ್ಯುವ ಸರಕು, ಈ ಮೂರರಲ್ಲಿ ಯಾವುದಾದರೊಂದರ ಮೇಲೆ ಕೂತು ಮಾತ್ರ ಅದು ಊರಿಂದೂರಿಗೆ ಹೋಗುತ್ತದೆ. ಆದ್ದರಿಂದ ರಂಜಕ ಕಳೆದುಹೋಯಿತು ಎಂದು ಯಾರಾದರೂ ಹೇಳಿದರೆ, ಎಲ್ಲಿ ಇಳಿಯಿತು ಎಂದು ಕೇಳಬೇಕು. ಎಲ್ಲೋ ಒಂದು ಕಡೆ ಅದು ಇಳಿದೇ ಇರುತ್ತದೆ.

ಲೆಕ್ಕಕ್ಕೆ ಹೋಗುವ ಮುನ್ನ ಅಳತೆಯ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಡಿಎಪಿ ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಕ್ರಮದಲ್ಲಿ 18:46:0 ಎಂದು ಬರೆದಿರುತ್ತದಲ್ಲ, ಆ 46 ಶುದ್ಧ ರಂಜಕದ ಪ್ರಮಾಣವಲ್ಲ. ರಂಜಕ ಮತ್ತು ಆಮ್ಲಜನಕ ಸೇರಿದ ಆಕ್ಸೈಡಿನ ಲೆಕ್ಕದಲ್ಲಿ ಹೇಳಿದ ಶೇಕಡಾವಾರು. ಇದನ್ನು ಮುಂದೆ ‘ಚೀಲದ ಲೆಕ್ಕ’ ಎನ್ನುತ್ತೇನೆ. ಧಾತುರೂಪದ ರಂಜಕ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಶೇ 44ರಷ್ಟು. 50 ಕಿಲೋ ಚೀಲದಲ್ಲಿ ಚೀಲದ ಲೆಕ್ಕಕ್ಕೆ 23 ಕಿಲೋ, ಧಾತುವಿನ ಲೆಕ್ಕಕ್ಕೆ ಸುಮಾರು 10 ಕಿಲೋ ರಂಜಕವಿರುತ್ತದೆ. ಈ ‘ಚೀಲಕ್ಕೆ ಹತ್ತು ಕಿಲೋ’ ಎಂಬುದನ್ನು ನೆನಪಿಟ್ಟುಕೊಳ್ಳಿ. ನಗರದ ಲೆಕ್ಕವನ್ನೂ ಇದೇ ಕೊಳಗದಲ್ಲಿ ಅಳೆಯೋಣ.

ಆ ಹತ್ತು ಕಿಲೋ ನಮ್ಮ ನೆಲದ್ದಲ್ಲ. ರಾಜಸ್ಥಾನದ ಉದಯಪುರದ ಬಳಿ ಜಾಮರ್‌ಕೋಟ್ರಾದಂಥ ಕೆಲವು ಗಣಿಗಳನ್ನು ಬಿಟ್ಟರೆ ಭಾರತದಲ್ಲಿ ಹೇಳಿಕೊಳ್ಳುವಷ್ಟು ಶಿಲಾರಂಜಕವಿಲ್ಲ. ಜಗತ್ತಿನ ನಿಕ್ಷೇಪದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ನಾವು ಕಲ್ಲಿನ ರೂಪದಲ್ಲಿ, ಆಮ್ಲದ ರೂಪದಲ್ಲಿ, ಸಿದ್ಧ ಡಿಎಪಿಯ ರೂಪದಲ್ಲಿ ಮೊರಾಕೊ, ಜೋರ್ಡಾನ್, ಸೌದಿ ಅರೇಬಿಯ, ಚೀನಾ, ರಷ್ಯಾಗಳಿಂದ ತರಿಸಿಕೊಳ್ಳುತ್ತೇವೆ. ಮಂಗಳೂರಿನ ಪಣಂಬೂರಿನ ಕಾರ್ಖಾನೆಯಲ್ಲಿ ತಯಾರಾಗುವ ಡಿಎಪಿಯ ರಂಜಕವೂ ಹಡಗಿನಲ್ಲಿ ಬಂದದ್ದೇ. 2008ರಲ್ಲಿ ಶಿಲಾರಂಜಕದ ಬೆಲೆ ಟನ್ನಿಗೆ 50 ಡಾಲರಿನ ಆಸುಪಾಸಿನಿಂದ 400 ಡಾಲರ್ ದಾಟಿತು. 2021ರಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿತು. ಸಹಾಯಧನದ ಕಾರಣದಿಂದ ನಿಮಗೆ ಚೀಲ 1,350 ರೂಪಾಯಿಗೆ ಸಿಗುತ್ತಿದ್ದರೂ, ಮುಂಗಾರಿನ ಹೊತ್ತಿಗೆ ಸೊಸೈಟಿಯ ಮುಂದೆ ಸಾಲು ನಿಲ್ಲುವುದಕ್ಕೂ ಆ ದೂರದ ಬಂದರುಗಳಿಗೂ ನೇರ ಸಂಬಂಧವಿದೆ.

ಈಗ ನಿಮ್ಮ ಟೊಮೇಟೊ. ಹೈಬ್ರಿಡ್ ಟೊಮೇಟೊಗೆ ನಮ್ಮ ರಾಜ್ಯದ ಶಿಫಾರಸು ಹೆಕ್ಟೇರಿಗೆ ಚೀಲದ ಲೆಕ್ಕದಲ್ಲಿ 250 ಕಿಲೋ ರಂಜಕ, ಅಂದರೆ ಎಕರೆಗೆ ಸುಮಾರು 100 ಕಿಲೋ, ನಾಲ್ಕು ಚೀಲ ಡಿಎಪಿಗಿಂತ ತುಸು ಹೆಚ್ಚು. ಅನೇಕರು ಇದರ ಮೇಲೆ ಕೋಳಿಗೊಬ್ಬರ ಹಾಕುತ್ತಾರೆ, ಡ್ರಿಪ್ಪಿನಲ್ಲಿ 12:61:0 ಮತ್ತು 19:19:19 ಎಂಬ ನೀರಿನಲ್ಲಿ ಕರಗುವ ಗೊಬ್ಬರಗಳನ್ನು ಬಿಡುತ್ತಾರೆ. ಎಕರೆಗೆ 24 ಟನ್ ಇಳುವರಿ ಬಂತೆಂದುಕೊಳ್ಳಿ. ಹದಿನೈದು ಕಿಲೋದ ಬಾಕ್ಸಿನ ಲೆಕ್ಕದಲ್ಲಿ ಅದು 1,600 ಬಾಕ್ಸ್. ಟೊಮೇಟೊ ಹಣ್ಣಿನ ಬಹುಪಾಲು ನೀರು. ಕಿಲೋ ಹಣ್ಣಿನಲ್ಲಿರುವ ರಂಜಕ ಕಾಲು ಗ್ರಾಂ ಮಾತ್ರ. ಮಂಡಿಯಲ್ಲಿ ಹರಾಜಾಗುವ ಒಂದು ಬಾಕ್ಸ್ ನಿಮ್ಮ ಹೊಲದಿಂದ ಹೊತ್ತೊಯ್ಯುವುದು ಮೂರೂವರೆ ಗ್ರಾಂ ರಂಜಕ, ಒಂದು ಚಿಟಿಕೆ. ಎಲ್ಲ 1,600 ಬಾಕ್ಸ್ ಸೇರಿ ಆರು ಕಿಲೋ ಆಗುವುದಿಲ್ಲ. ನಾಲ್ಕು ಚೀಲಕ್ಕೂ ಮಿಗಿಲು ಹಾಕಿದ್ದೀರಿ, ಹಣ್ಣಿನಲ್ಲಿ ಹೊರಗೆ ಹೋದದ್ದು ಅರ್ಧ ಚೀಲಕ್ಕೆ ತುಸು ಮೇಲೆ. ಗಿಡ, ಎಲೆಗಳಲ್ಲಿ ಇನ್ನೊಂದಿಷ್ಟು ಇರುತ್ತದೆ, ಆದರೆ ಅದು ಊರು ಬಿಟ್ಟು ಹೋಗುವುದಿಲ್ಲ.

ಉಳಿದ ಮೂರು ಚೀಲಕ್ಕೂ ಮಿಗಿಲಾದ ರಂಜಕ ಎಲ್ಲಿದೆ? ಬಹುಪಾಲು ನಿಮ್ಮ ಕಾಲಕೆಳಗೇ ಇದೆ. ಕೋಲಾರದ ಕೆಂಪು ಮಣ್ಣಿಗೆ ಆ ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡು, ಅದರ ಜೊತೆಗಿರುವ ಅಲ್ಯುಮಿನಿಯಂ, ಕರಗಿದ ರಂಜಕವನ್ನು ಕೆಲವೇ ದಿನಗಳಲ್ಲಿ ಹಿಡಿದು ಅಂಟಿಸಿಕೊಳ್ಳುತ್ತವೆ. ಹಾಕಿದ್ದರಲ್ಲಿ ಐದರಲ್ಲೊಂದು ಪಾಲು ಆ ಹಂಗಾಮಿನ ಬೆಳೆಗೆ ಸಿಕ್ಕರೆ ಹೆಚ್ಚು. ಇದನ್ನು ಕಂಡೇ ರೈತರು ಮುಂದಿನ ಬೆಳೆಗೂ ಅಷ್ಟೇ ಹಾಕುತ್ತಾರೆ. ಆದರೆ ಮಣ್ಣು ಹಿಡಿದದ್ದನ್ನು ಪೂರ್ತಿ ನುಂಗಿಬಿಡುವುದಿಲ್ಲ. ವರ್ಷ ವರ್ಷ ಸೇರುತ್ತ ಹೋದಂತೆ ಹಿಡಿಯುವ ಜಾಗಗಳು ತುಂಬಿ, ಬೇರಿಗೆ ಬಿಟ್ಟುಕೊಡುವ ಪ್ರಮಾಣ ಹೆಚ್ಚುತ್ತದೆ. ಹತ್ತು ವರ್ಷ ಸತತವಾಗಿ ತರಕಾರಿ ಬೆಳೆದ ಹೊಲವೆಂದರೆ ರಂಜಕದ ಮಟ್ಟಿಗೆ ಠೇವಣಿ ಇಟ್ಟ ಹೊಲ.

ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ರಂಜಕದ ಪರೀಕ್ಷೆಯಲ್ಲಿ ಮಣ್ಣಿನಿಂದ ಸೋಸಿ ತೆಗೆದ ದ್ರಾವಣಕ್ಕೆ ಮಾಲಿಬ್ಡೇಟ್ ಸೇರಿಸಿದಾಗ ನೀಲಿ ಬಣ್ಣ ಮೂಡುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಒಬ್ಬ ರೈತರು ಒಂದೇ ಬದುವಿನ ಎರಡು ಕಡೆಯ ಮಣ್ಣು ತಂದಿದ್ದರು, ಈಚೆಗೆ ಟೊಮೇಟೊ, ಆಚೆಗೆ ರಾಗಿ. ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ನಿಂತ ಎರಡು ಗಾಜಿನ ನಳಿಕೆಗಳಲ್ಲಿ ಒಂದು ಬಾಲ್‌ಪೆನ್ನಿನ ಶಾಯಿಯಂತೆ ಕಡುನೀಲಿಯಾಯಿತು, ಇನ್ನೊಂದು ಬಟ್ಟೆಗೆ ಹಾಕುವ ನೀಲಿಯ ಒಂದು ಹನಿ ಬಿದ್ದ ನೀರಿನಂತೆ ತೆಳುವಾಗಿಯೇ ಉಳಿಯಿತು. ಟೊಮೇಟೊ ಹೊಲದ ದ್ರಾವಣವನ್ನು ನೀರು ಬೆರೆಸಿ ತೆಳು ಮಾಡಿಕೊಳ್ಳದೆ ಉಪಕರಣದಲ್ಲಿ ಓದಲು ಆಗಲಿಲ್ಲ. ನಡುವೆ ಇದ್ದದ್ದು ಒಂದು ಮೊಳದ ಬದು.

ನಗರಕ್ಕೆ ಉಣಿಸುವ ಒಂದು ಪ್ರದೇಶ ರಂಜಕದ ದೃಷ್ಟಿಯಿಂದ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಎರಡು ನಳಿಕೆಗಳನ್ನು ನೆನಪಿಸಿಕೊಳ್ಳುತ್ತೇನೆ. ಹಳ್ಳಿ ಬರಿದಾಗಿ ನಗರ ತುಂಬಿತು ಎಂಬಷ್ಟು ಸರಳವಾದ ಚಿತ್ರ ಇದಲ್ಲ. ನಗರದ ಪೇಟೆಗೆ ಹತ್ತಿರವಾದ, ಹಣ ತರುವ ಹೊಲಗಳು ತುಂಬುತ್ತಿವೆ. ಅವುಗಳ ಮಗ್ಗುಲಲ್ಲೇ ರಾಗಿಯ ಹೊಲ, ಗೋಮಾಳ, ಹುರುಳಿ ಚೆಲ್ಲುವ ದಿಣ್ಣೆ ಬರಿದಾಗುತ್ತಿವೆ. ರಾಗಿಯಲ್ಲಿ ಕಿಲೋಗೆ ಎರಡರಿಂದ ಮೂರು ಗ್ರಾಂ ರಂಜಕವಿದೆ, ಟೊಮೇಟೊದ ಹತ್ತು ಪಟ್ಟು. ಎಕರೆಗೆ ಎಂಟು ಕ್ವಿಂಟಲ್ ರಾಗಿ ತೆಗೆದರೆ ಕಾಳಿನಲ್ಲೇ ಎರಡು ಕಿಲೋ ರಂಜಕ ಹೊಲದಿಂದ ಏಳುತ್ತದೆ. ಹುಲ್ಲು ಹಸುವಿಗೆ ಹೋಗುತ್ತದೆ, ಹಸುವಿನ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮತ್ತೆ ಟೊಮೇಟೊಗೆ. ರಾಗಿ ಹೊಲಕ್ಕೆ ಮರಳುವುದು ಮಾತ್ರ ತೀರ ಕಡಿಮೆ.

ಹಸುಗಳ ವಿಷಯ ಇನ್ನೂ ಕುತೂಹಲದ್ದು. ಲೀಟರ್ ಹಾಲಿನಲ್ಲಿ ಸುಮಾರು ಒಂದು ಗ್ರಾಂ ರಂಜಕವಿರುತ್ತದೆ. ದಿನಕ್ಕೆ ಹತ್ತು ಲೀಟರ್ ಕೊಡುವ ಹಸು 300 ದಿನದಲ್ಲಿ ಮೂರು ಕಿಲೋ ರಂಜಕವನ್ನು ಡೇರಿಯ ಕ್ಯಾನಿಗೆ ಸುರಿಯುತ್ತದೆ. ಆದರೆ ನೀವು ಕೊಳ್ಳುವ ಗೋಧಿ ಬೂಸಾದ 50 ಕಿಲೋ ಚೀಲವೊಂದರಲ್ಲೇ ಹೆಚ್ಚುಕಡಿಮೆ ಅರ್ಧ ಕಿಲೋ ರಂಜಕ ಬರುತ್ತದೆ. ಕಾಳಿನ ರಂಜಕದ ಬಹುಪಾಲು ತೌಡಿನಲ್ಲೇ ಕೂತಿರುತ್ತದೆ. ಬೆಂಗಳೂರಿನ ಮನೆಗಳಲ್ಲಿ ಬಿಳಿ ಅಕ್ಕಿ, ಮೈದಾ ತಿನ್ನುವುದರಿಂದ ಬೇರ್ಪಟ್ಟ ತೌಡು, ಬೂಸಾ ನಿಮ್ಮ ಕೊಟ್ಟಿಗೆಗೆ ಬರುತ್ತವೆ. ಆ ಗೋಧಿ ಬೆಳೆದದ್ದು ಉತ್ತರ ಭಾರತದ ಹೊಲಗಳಲ್ಲಿ, ಹಿಂಡಿಯಲ್ಲಿರುವ ಮೆಕ್ಕೆಜೋಳ ದಾವಣಗೆರೆಯದೋ ಹಾವೇರಿಯದೋ ಇರಬಹುದು. ಹಸು ತಿಂದ ರಂಜಕದಲ್ಲಿ ಹಾಲಿಗೆ ಹೋಗದೆ ಉಳಿದದ್ದು ಬಹುತೇಕ ಸಗಣಿಯಲ್ಲೇ ಇಳಿಯುತ್ತದೆ, ಗಂಜಳದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಾಲ್ಕು ಸೀಮೆಹಸುಗಳಿರುವ ನಿಮ್ಮ ಮನೆ ಹಾಲಿನ ಮೂಲಕ ರಂಜಕವನ್ನು ಮಾರುತ್ತಿದ್ದರೂ, ಮೇವಿನ ಚೀಲಗಳ ಮೂಲಕ ಅದಕ್ಕಿಂತ ಹೆಚ್ಚು ಕೊಂಡು ತಿಪ್ಪೆಯಲ್ಲಿ ಕೂಡಿಡುತ್ತಿರುವ ಸಂಭವವೇ ಹೆಚ್ಚು. ಕೋಳಿ ಫಾರಂಗಳಲ್ಲಿ ಇದೇ ಕಥೆ ಇನ್ನೂ ದಟ್ಟವಾಗಿ ನಡೆಯುತ್ತದೆ: ಕಾಳಿನಲ್ಲಿರುವ ಫೈಟೇಟ್ ರೂಪದ ರಂಜಕವನ್ನು ಕೋಳಿ ಸರಿಯಾಗಿ ಅರಗಿಸಿಕೊಳ್ಳಲಾರದು, ಅದಕ್ಕೆಂದು ಆಹಾರಕ್ಕೆ ಖನಿಜ ರಂಜಕವನ್ನು ಮೇಲಿಂದ ಬೆರೆಸುತ್ತಾರೆ, ಅರಗದ್ದೆಲ್ಲ ಗೊಬ್ಬರಕ್ಕೆ ಬರುತ್ತದೆ.

ಇನ್ನು ಬೆಂಗಳೂರಿಗೆ ಹೋಗೋಣ. ಬೆಳೆಯುವ ಮಕ್ಕಳು ಮೂಳೆಗೆಂದು ಉಳಿಸಿಕೊಳ್ಳುವ ಅಲ್ಪಾಂಶವನ್ನು ಬಿಟ್ಟರೆ, ಮನುಷ್ಯ ಎಷ್ಟು ರಂಜಕ ತಿನ್ನುತ್ತಾನೋ ಅಷ್ಟನ್ನೂ ಹೊರಹಾಕುತ್ತಾನೆ. ಅದರಲ್ಲಿ ಮೂರನೇ ಎರಡು ಪಾಲು ಮೂತ್ರದಲ್ಲಿ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಹೆನ್ನಿಗ್ ಬ್ರಾಂಡ್ ಎಂಬಾತ ಚಿನ್ನ ಸಿಗಬಹುದೆಂಬ ಆಸೆಯಿಂದ ಮೂತ್ರವನ್ನು ಕಾಯಿಸಿ ಇಂಗಿಸುತ್ತಿದ್ದಾಗಲೇ ಈ ಧಾತು ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಬಿದ್ದದ್ದು. ನಮ್ಮ ಊಟದ ರೂಢಿಗೆ ತಲೆಗೆ ದಿನಕ್ಕೆ ಒಂದು ಗ್ರಾಂ ಎಂದು ಕೈಬಿಗಿಹಿಡಿದೇ ಲೆಕ್ಕ ಹಾಕೋಣ. ಜನಸಂಖ್ಯೆ ಸುಮಾರು 1.3 ಕೋಟಿ ಎಂದರೆ ದಿನಕ್ಕೆ 13 ಟನ್ ರಂಜಕ, ನಮ್ಮ ಕೊಳಗದಲ್ಲಿ 1,300 ಚೀಲ ಡಿಎಪಿ. ಪ್ರತಿದಿನ ಬೆಳಗಾದರೆ ಅಷ್ಟು ಚೀಲದ ರಂಜಕ ಬೆಂಗಳೂರಿನ ಶೌಚಾಲಯಗಳಲ್ಲಿ ಇಳಿಯುತ್ತದೆ. ವರ್ಷಕ್ಕೆ ನಾಲ್ಕೂಮುಕ್ಕಾಲು ಲಕ್ಷ ಚೀಲ. ಬಟ್ಟೆ, ಪಾತ್ರೆ ತೊಳೆಯುವ ಪುಡಿಗಳಲ್ಲಿ ಫಾಸ್ಫೇಟ್ ಇದ್ದರೆ ಅದು ಇದರ ಮೇಲೆ.

ಹಸಿಕಸದ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಚರ್ಚೆಯಾಗುತ್ತದೆ, ಆಗಬೇಕಾದದ್ದೇ. ಆದರೆ ರಂಜಕದ ಮಟ್ಟಿಗೆ ದೊಡ್ಡ ಹೊಳೆ ಹರಿಯುವುದು ಒಳಚರಂಡಿಯಲ್ಲಿ, ಕಸದ ಲಾರಿಯಲ್ಲಲ್ಲ. ನಗರದ ಕಾಂಪೋಸ್ಟಿಗೆ ನಿಯಮದ ಪ್ರಕಾರ ಇರಬೇಕಾದ ಕನಿಷ್ಠ ರಂಜಕ ಚೀಲದ ಲೆಕ್ಕದಲ್ಲಿ ಶೇ 0.4. ಒಂದು ಚೀಲ ಡಿಎಪಿಯಷ್ಟು ರಂಜಕಕ್ಕೆ ಆರು ಟನ್ ಕಾಂಪೋಸ್ಟ್ ಸಾಗಿಸಬೇಕಾಗುತ್ತದೆ. ಮಣ್ಣಿನ ಇಂಗಾಲಕ್ಕೆ, ತೇವ ಹಿಡಿಯುವ ಗುಣಕ್ಕೆ ಅದು ಒಳ್ಳೆಯದು, ನಾನು ಅದನ್ನು ಬೇಡವೆನ್ನುವವನಲ್ಲ; ರಂಜಕಕ್ಕಾಗಿ ಅದನ್ನು ನೂರು ಕಿಲೋಮೀಟರ್ ಹೊರುವುದು ಮಾತ್ರ ಕಟ್ಟಿಬರುವುದಿಲ್ಲ. ಅದರ ಜೊತೆಗೆ ಬರುವುದು ಏನೆಂಬುದೂ ಮುಖ್ಯ. ಮಾಲೂರು ಕಡೆಯ ಒಂದು ಹೊಲದ ಅಂಚಿನಲ್ಲಿ ಸುರಿದಿದ್ದ ನಗರದ ಕಾಂಪೋಸ್ಟಿನಿಂದ ನಾನು ಒಂದು ಬೊಗಸೆ ತೆಗೆದು ಪತ್ರಿಕೆಯ ಹಾಳೆಯ ಮೇಲೆ ಹರಡಿ ನೋಡಿದ್ದೆ: ಕಪ್ಪು, ಪುಡಿಪುಡಿಯಾದ, ಒಳ್ಳೆಯ ವಾಸನೆಯ ಗೊಬ್ಬರ, ಅದರೊಳಗೆ ಬಳೆಚೂರು, ಮಾತ್ರೆಯ ಹಾಳೆಯ ತುಣುಕು, ಟೂತ್‌ಪೇಸ್ಟಿನ ಮುಚ್ಚಳ, ಶಾಂಪೂ ಪೊಟ್ಟಣದ ಮೂಲೆಗಳು. ಬರಿಗಾಲಲ್ಲಿ ಕಳೆ ತೆಗೆಯುವ ಹೆಂಗಸರು ಆ ಹೊಲಕ್ಕೆ ಇಳಿಯಲು ಒಪ್ಪಿರಲಿಲ್ಲ. ಅವರು ಮಾಡಿದ್ದು ಸರಿ.

ಚರಂಡಿಗೆ ಇಳಿದ ರಂಜಕದ ಒಂದು ಪಾಲು ಸಂಸ್ಕರಣಾ ಘಟಕ ತಲುಪುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ ಎರಡನೇ ಹಂತದ ಸಂಸ್ಕರಣೆ ಕೊಳೆಯುವ ಸಾವಯವ ಅಂಶವನ್ನು ತೆಗೆಯುವುದಕ್ಕೆಂದು ರೂಪಿಸಿದ್ದು, ರಂಜಕವನ್ನು ಹಿಡಿಯುವುದಕ್ಕಲ್ಲ. ಅಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಕೆಸರಾಗಿ ಕೆಳಗೆ ಕೂರುತ್ತವೆ. ಹೀಗೆ ಸಿಗುವುದು ಸಾಮಾನ್ಯವಾಗಿ ನಾಲ್ಕನೇ ಒಂದು ಪಾಲು. ಆಲಂ ಅಥವಾ ಕಬ್ಬಿಣದ ಲವಣ ಹಾಕಿ ಗಟ್ಟಿ ಮಾಡಿದರೆ, ಇಲ್ಲವೇ ರಂಜಕವನ್ನು ಹೆಚ್ಚಾಗಿ ನುಂಗುವ ಜೀವಿಗಳಿಗೆ ಬೇಕಾದ ಗಾಳಿಯಿಲ್ಲದ ತೊಟ್ಟಿಯನ್ನು ಮುಂದೆ ಜೋಡಿಸಿದರೆ ಬಹುಪಾಲು ಹಿಡಿಯಬಹುದು. ಹಾಗೆ ಮಾಡದಿದ್ದಾಗ, ಕಣ್ಣಿಗೆ ತಿಳಿಯಾಗಿ ಕಾಣುವ, ವಾಸನೆಯಿಲ್ಲದ ನೀರಿನಲ್ಲಿ ರಂಜಕ ಕರಗಿಕೊಂಡು ಮುಂದಕ್ಕೆ ಹೋಗುತ್ತದೆ.

ಇದರ ಫಲವನ್ನು ಬೆಳ್ಳಂದೂರು, ವರ್ತೂರು ಕೆರೆಗಳು ದಶಕಗಳ ಕಾಲ ಉಂಡಿವೆ. ಕೆರೆಯ ನೀರಿನಲ್ಲಿ ರಂಜಕ ಲೀಟರಿಗೆ 0.03 ಮಿಲಿಗ್ರಾಂ ದಾಟಿದರೆ ಪಾಚಿ ಉಕ್ಕಲು ಸಾಕು. ಕೊಳಚೆ ನೀರಿನಲ್ಲಿ ಅದು ನೂರಾರು ಪಟ್ಟು ಇರುತ್ತದೆ. ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಕೆರೆಯ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಬೆಳ್ಳಂದೂರಿನ ಅಂತರಗಂಗೆಯ ದಟ್ಟ ಹಾಸು ಇದೇ ಪಾಠವನ್ನು ಹೇಳುತ್ತಿತ್ತು. ಆದರೆ ಒಂದು ತಪ್ಪು ತಿಳುವಳಿಕೆಯನ್ನು ಇಲ್ಲಿ ತಿದ್ದಬೇಕು: 2015ರ ನಂತರ ದೇಶವೆಲ್ಲ ನೋಡಿದ ಆ ಬಿಳಿ ನೊರೆಯನ್ನು ಕಟ್ಟಿದ್ದು ಮುಖ್ಯವಾಗಿ ಮಾರ್ಜಕಗಳ ನೊರೆಕಾರಕ ಅಂಶ, ರಂಜಕವಲ್ಲ. ನೊರೆ ನಿಂತ ಮಾತ್ರಕ್ಕೆ ರಂಜಕದ ಸಮಸ್ಯೆ ಮುಗಿಯಿತೆಂದು ಯಾರೂ ತಿಳಿಯಬಾರದು.

ಈಗ ನಿಮ್ಮೂರ ಕೆರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ 2018ರಲ್ಲಿ ಆರಂಭವಾದಾಗ ಮೊದಲ ಹಂತದ ಗುರಿ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವುದಾಗಿತ್ತು. ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಕೋಡಿ ಹರಿದು ಮುಂದೆ ಸಾಗುತ್ತದೆ. ಅಷ್ಟು ನೀರಿನಲ್ಲಿ ಲೀಟರಿಗೆ ಒಂದೊಂದು ಮಿಲಿಗ್ರಾಂ ರಂಜಕವಿದ್ದರೂ ದಿನಕ್ಕೆ 440 ಕಿಲೋ ಆಗುತ್ತದೆ, ಅಂದರೆ 44 ಚೀಲ. ಮೂರು ಮಿಲಿಗ್ರಾಂ ಇದ್ದರೆ 132 ಚೀಲ. ನೀವು ಊಹಿಸಿದ್ದು ಇಲ್ಲಿಯವರೆಗೆ ಸರಿಯಾಗಿಯೇ ಇದೆ: ನಗರದ ರಂಜಕ ನಿಜವಾಗಿಯೂ ಜಿಲ್ಲೆಯೊಳಕ್ಕೆ ಬರುತ್ತಿದೆ.

ಆದರೆ ಈ ನೀರು ಬರುವುದು ಅಂತರ್ಜಲ ಮರುಪೂರಣಕ್ಕೆ. ಕೆರೆಗೆ ಮೋಟಾರಿಟ್ಟು ನೇರವಾಗಿ ಹೊಲಕ್ಕೆ ಹಾಯಿಸುವುದಕ್ಕಲ್ಲ. ನೀವು ಬಳಸುವುದು ಕೊಳವೆಬಾವಿಯ ನೀರು. ಕೆರೆಯಿಂದ ಕೊಳವೆಬಾವಿಗೆ ಇಂಗುವ ದಾರಿಯಲ್ಲಿ ನೈಟ್ರೇಟ್ ಸಲೀಸಾಗಿ ಜಾರಿಕೊಂಡು ಬರುತ್ತದೆ, ಉಪ್ಪಿನಂಶ ಬರುತ್ತದೆ, ರಂಜಕ ಬರುವುದಿಲ್ಲ. ನಿಮ್ಮ ಹೊಲದ ಕೆಂಪು ಮಣ್ಣು ಡಿಎಪಿಯನ್ನು ಹಿಡಿಯುವ ಹಾಗೆಯೇ ಕೆರೆಯ ತಳದ ಮಣ್ಣು ಕಬ್ಬಿಣದ ಬಲದಿಂದ ರಂಜಕವನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಪಾಚಿ ಹೀರಿಕೊಂಡದ್ದು ಸತ್ತು ತಳಕ್ಕೆ ಬೀಳುತ್ತದೆ. ಸಾಲಿನ ಮೊದಲ ಕೆರೆಗಳಲ್ಲಿ ಹೆಚ್ಚು, ಕೊನೆಯವುಗಳಲ್ಲಿ ಕಡಿಮೆ ಎಂಬ ವ್ಯತ್ಯಾಸವಿದ್ದರೂ, ಬೆಂಗಳೂರಿನಿಂದ ಮರಳಿದ ರಂಜಕ ಕೊನೆಗೆ ಇಳಿಯುವ ನಿಲ್ದಾಣ ಕೆರೆಯ ಗೋಡು, ಅಂದರೆ ತಳದಲ್ಲಿ ಕೂತ ಹೂಳುಮಣ್ಣು.

ಗೋಡು ಹೊಡೆಯುವುದು ನಿಮ್ಮ ಸೀಮೆಯ ಹಿರಿಯರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅಂಗಳದ ಕಪ್ಪು ಗೋಡನ್ನು ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಕೊಚ್ಚಿ ತಂದ ಮೇಲ್ಮಣ್ಣು, ಅದಕ್ಕೆ ಅಂಟಿಕೊಂಡು ಬಂದ ರಂಜಕ, ಎರಡೂ ಹೀಗೆ ಹೊಲಕ್ಕೆ ಮರಳುತ್ತಿದ್ದವು. ಕೆರೆಯ ಹೂಳೂ ಕಡಿಮೆಯಾಗುತ್ತಿತ್ತು. ವಿಪರ್ಯಾಸವೆಂದರೆ, ರಂಜಕ ಹಿಂದೆಂದಿಗಿಂತ ಹೆಚ್ಚಾಗಿ ಕೆರೆಗೆ ಬರುತ್ತಿರುವ ಈ ಕಾಲದಲ್ಲೇ, ಕೆರೆಯಲ್ಲಿ ವರ್ಷವಿಡೀ ನೀರು ನಿಲ್ಲುವುದರಿಂದ ಗೋಡು ಹೊಡೆಯುವ ದಾರಿ ಮುಚ್ಚಿಹೋಗುತ್ತದೆ. ಅಷ್ಟೇ ಅಲ್ಲ, ತಳದಲ್ಲಿ ಆಮ್ಲಜನಕ ತೀರಿದರೆ ಕಬ್ಬಿಣ ತನ್ನ ರೂಪ ಬದಲಿಸಿಕೊಂಡು, ಹಿಡಿದಿಟ್ಟ ರಂಜಕವನ್ನು ನೀರಿಗೆ ಮತ್ತೆ ಬಿಡುತ್ತದೆ. ಹೊಸ ರಂಜಕ ಬರುವುದು ನಿಂತ ಮೇಲೂ ಕೆರೆ ವರ್ಷಗಟ್ಟಲೆ ಪಾಚಿ ಕಟ್ಟುವುದು ಈ ಕಾರಣದಿಂದಲೇ. ಆದ್ದರಿಂದ ಯೋಜನೆಯ ಕೆರೆಗಳನ್ನು ಸರದಿಯ ಮೇಲೆ ಒಣಗಿಸಿ, ಗೋಡನ್ನು ಪರೀಕ್ಷಿಸಿ, ಯೋಗ್ಯವಾದದ್ದನ್ನು ರಾಗಿ ಹೊಲಗಳಿಗೆ ಸಾಗಿಸುವ ವ್ಯವಸ್ಥೆ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪರೀಕ್ಷೆಯಿಲ್ಲದೆ ಮಾತ್ರ ಬೇಡ: ನಗರದ ನೀರು ಕಂಡ ಗೋಡಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಎಷ್ಟಿವೆ ಎಂದು ತಿಳಿಯದೆ ಒಂದು ಲೋಡು ಕೂಡ ಹೊಡೆಯಬಾರದು. ರಂಜಕದಂತೆ ಅವೂ ಗಾಳಿಗೆ ಹಾರುವುದಿಲ್ಲ, ಒಮ್ಮೆ ಹೊಲಕ್ಕೆ ಬಂದರೆ ಅಲ್ಲೇ ನಿಲ್ಲುತ್ತವೆ.

ರಂಜಕವನ್ನು ಅದು ದಟ್ಟವಾಗಿರುವ ಕಡೆಯೇ ಹಿಡಿಯಬೇಕು, ನೀರಿನಲ್ಲಿ ತೆಳುವಾದ ಮೇಲೆ ಹಿಡಿಯುವುದು ಬಹಳ ಕಷ್ಟ ಎಂಬ ವಿಚಾರ ಬೆಂಗಳೂರಿಗೆ ಹಳೆಯದು. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯರು ಊರಿನ ಕಸದ ಪದರ, ಅದರ ಮೇಲೆ ಮಲದ ತೆಳು ಪದರ, ಮತ್ತೆ ಕಸ, ಕೊನೆಗೆ ಮಣ್ಣಿನ ಮುಚ್ಚಿಗೆ, ಹೀಗೆ ಗುಂಡಿಯಲ್ಲಿ ಆರೆಂಟು ತಿಂಗಳು ಕೊಳೆಸಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಕೃಷಿ ಪಠ್ಯಗಳಲ್ಲಿ ಅದು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಪ್ರಸಿದ್ಧ. ರಂಜಕದ ಚಕ್ರ ಅಂದು ಇಂದಿಗಿಂತ ಚೆನ್ನಾಗಿ ತಿರುಗುತ್ತಿತ್ತು ಎಂದು ಹೇಳುವವರಿದ್ದಾರೆ. ಆ ಮಾತು ನಿಜವಾದರೂ ಅರ್ಧ ಸತ್ಯ. ಆ ಮಲವನ್ನು ಗುಂಡಿಯವರೆಗೆ ಹೊತ್ತವರು ಯಾರು, ಯಾವ ಜಾತಿಯವರು, ಯಾವ ಅವಮಾನದಲ್ಲಿ ಹೊತ್ತರು ಎಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ನನ್ನಿಂದಾಗದು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993 ಮತ್ತು 2013ರ ಕೇಂದ್ರ ಕಾಯ್ದೆಗಳು ಬಂದವು. ಹಾಗಿದ್ದೂ ಮ್ಯಾನ್‌ಹೋಲಿಗೆ ಇಳಿದವರ ಸಾವಿನ ಸುದ್ದಿ ಇನ್ನೂ ನಿಂತಿಲ್ಲ. ರಂಜಕವನ್ನು ಮರಳಿಸುವ ಯಾವ ಹೊಸ ಯೋಜನೆಯಾದರೂ ಮನುಷ್ಯನ ಕೈ, ತಲೆ ಮಲಕ್ಕೆ ತಾಗದಂತೆ ಯಂತ್ರ ಮತ್ತು ಕೊಳವೆಗಳಿಂದಲೇ ನಡೆಯಬೇಕು. ಇದರಲ್ಲಿ ರಾಜಿ ಇಲ್ಲ.

ಅಂಥ ಪ್ರಯತ್ನಗಳು ನಮ್ಮ ಸುತ್ತ ಇವೆ. ಒಳಚರಂಡಿ ತಲುಪದ ಬೆಂಗಳೂರಿನ ಹೊರವಲಯದ ಗುಂಡಿಗಳನ್ನು ಖಾಲಿ ಮಾಡುವ ಹನಿಸಕ್ಕರ್ ಟ್ಯಾಂಕರುಗಳು ಬಹುಕಾಲದಿಂದ ಬಾಳೆ, ತೆಂಗಿನ ತೋಟಗಳಿಗೆ ಆ ಕೆಸರನ್ನು ಸುರಿಯುತ್ತ ಬಂದಿವೆ. ಪೋಷಕಾಂಶ ಮರಳುತ್ತದೆ, ಆದರೆ ಜಂತುಹುಳುವಿನ ಮೊಟ್ಟೆಗಳೂ ಅದರ ಜೊತೆ ಬರುತ್ತವೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕದಲ್ಲಿ ಅದೇ ಕೆಸರನ್ನು ಸಂಸ್ಕರಿಸಿ, ಒಣಗಿಸಿ ಗೊಬ್ಬರವಾಗಿಸುವ ಸುರಕ್ಷಿತ ದಾರಿ ತೆರೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಮೂತ್ರವನ್ನು ಮೆಕ್ಕೆಜೋಳ, ಬಾಳೆ ಬೆಳೆಗಳಿಗೆ ಗೊಬ್ಬರವಾಗಿ ಪ್ರಯೋಗಿಸಿ ನೋಡಿದೆ. ಹೊರದೇಶಗಳಲ್ಲಿ ಸಂಸ್ಕರಣಾ ಘಟಕದ ದಟ್ಟ ದ್ರಾವಣಕ್ಕೆ ಮೆಗ್ನೀಸಿಯಂ ಸೇರಿಸಿ ಸ್ಟ್ರುವೈಟ್ ಎಂಬ ಹರಳುಗೊಬ್ಬರ ತೆಗೆಯುತ್ತಾರೆ. ಜರ್ಮನಿ 2017ರ ನಿಯಮದ ಮೂಲಕ ದೊಡ್ಡ ಘಟಕಗಳು 2029ರಿಂದ ರಂಜಕವನ್ನು ಮರಳಿ ಪಡೆಯಲೇಬೇಕೆಂದು ವಿಧಿಸಿದೆ. ದಿನಕ್ಕೆ 1,300 ಚೀಲದಷ್ಟು ರಂಜಕ ಹೊರಬರುವ ನಗರಕ್ಕೆ ಇಂಥ ನಿಯಮ ಅತಿಯಾದ ಬೇಡಿಕೆಯಲ್ಲ.

ಅದು ಆಗುವವರೆಗೆ ನಿಮ್ಮ ಕೈಯಲ್ಲಿರುವ ಕೆಲಸ ಇದು. ಟೊಮೇಟೊ ಹೊಲ, ರಾಗಿ ಹೊಲ ಎರಡರ ಮಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಟೊಮೇಟೊ ಹೊಲದ ಚೀಟಿಯಲ್ಲಿ ರಂಜಕ ‘ಅಧಿಕ’ ಎಂದು ಬಂದರೆ, ನಾನು ಹಾಗೇ ಬರುತ್ತದೆಂದು ನಿರೀಕ್ಷಿಸುತ್ತೇನೆ, ಅಡಿಗೊಬ್ಬರದ ಡಿಎಪಿಯನ್ನು ಅರ್ಧಕ್ಕಿಳಿಸಿ, ಸಾರಜನಕದ ಕೊರತೆಯನ್ನು ಯೂರಿಯಾ ಅಥವಾ ಅಮೋನಿಯಂ ಸಲ್ಫೇಟಿನಿಂದ ತುಂಬಿಕೊಳ್ಳಿ. ಒಂದೇ ಸಲಕ್ಕೆ ಇಡೀ ಹೊಲದಲ್ಲಿ ಧೈರ್ಯ ಬಾರದಿದ್ದರೆ ನಾಲ್ಕು ಸಾಲಿನಲ್ಲಿ ಮಾಡಿ ಬಾಕ್ಸ್ ಎಣಿಸಿ ನೋಡಿ. ಕೋಳಿಗೊಬ್ಬರ ಹಾಕಿದ ವರ್ಷ ಡ್ರಿಪ್ಪಿನ 12:61:0 ಬೇಡವೇ ಬೇಡ. ತಿಪ್ಪೆಗೊಬ್ಬರವನ್ನು ಟೊಮೇಟೊದಿಂದ ಬಿಡಿಸಿ ರಾಗಿ ಹೊಲಕ್ಕೆ ತಿರುಗಿಸಿ; ನಿಮ್ಮ ನಾಲ್ಕು ಹಸುಗಳು ಊರಾಚೆಯ ಬೂಸಾದಿಂದ ಕೂಡಿಟ್ಟ ರಂಜಕಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬದುಗಳನ್ನು ಭದ್ರ ಮಾಡಿ, ಏಕೆಂದರೆ ಠೇವಣಿ ಇಟ್ಟ ಹೊಲದ ಮೇಲ್ಮಣ್ಣು ಒಂದು ಜಡಿಮಳೆಗೆ ಹೋದರೆ ಚೀಲಗಟ್ಟಲೆ ರಂಜಕ ಅದರೊಂದಿಗೆ ಅದೇ ಕೆರೆ ಸೇರುತ್ತದೆ.

ಮಣ್ಣಿನ ಮಾದರಿ ತೆಗೆಯುವಾಗ ಒಂದು ಎಚ್ಚರಿಕೆ. ಮಲ್ಚಿಂಗ್ ಶೀಟಿನ ಕೆಳಗೆ ಡ್ರಿಪ್ ಹನಿ ಬೀಳುವ ಜಾಗದಲ್ಲಿ ರಂಜಕ ರಾಶಿಗೊಂಡಿರುತ್ತದೆ. ಅಲ್ಲಿಂದಷ್ಟೇ ತೆಗೆದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಬೆಳೆ ಕಿತ್ತು, ಒಂದು ಉಳುಮೆಯಾದ ಮೇಲೆ, ಹೊಸ ಗೊಬ್ಬರ ಬೀಳುವ ಮೊದಲು, ಹೊಲದ ಹತ್ತು ಕಡೆ ಒಂದು ಗೇಣು ಆಳಕ್ಕೆ ಗುಂಡಿ ತೋಡಿ, ಅಂಚಿನ ಮಣ್ಣನ್ನು ಮೇಲಿಂದ ಕೆಳಗಿನವರೆಗೆ ಸಮವಾಗಿ ಕೆತ್ತಿ ತೆಗೆದು, ಎಲ್ಲವನ್ನೂ ಬೆರೆಸಿ ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕಳಿಸಿ. ಗೊಬ್ಬರದ ಹಳೆಯ ಚೀಲದಲ್ಲಿ ಮಾತ್ರ ತುಂಬಬೇಡಿ. ಚೀಲಕ್ಕೆ ಅಂಟಿದ ನಾಲ್ಕು ಕಾಳು ಡಿಎಪಿಯೇ ಪರೀಕ್ಷೆಯನ್ನು ಕೆಡಿಸಲು ಸಾಕು.